ಆರನೇ ನಂಬರಿನ ಜೋಕರ್

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ, ಎದುರು ಪಕ್ಷದವರು ಆಮೇಲೆ ಎತ್ತಿ ಆಡುವುದು ಬೇಡ. ಜಾತಕ, ಕಣಿ, ದೃಷ್ಟಿ, ನಿಂಬೆಹಣ್ಣು, ಯಾವುದನ್ನೂ ಪುರಾವೆ ಇಲ್ಲದೆ ನಂಬದ ನಾನು, ಒಂದು ರಟ್ಟಿನ ಡಬ್ಬದೊಳಗೆ ರೋಬೋ ಇದೆ ಎಂದು ನಾಲ್ಕು ವರ್ಷ ನಂಬಿಕೊಂಡಿದ್ದೆ. ಒಂದು ದಿನವೂ ತೆಗೆದು ನೋಡಿರಲಿಲ್ಲ. ತೆಗೆದರೆ ಅದರ ಘನತೆ ಹೋಗುತ್ತಿತ್ತು. ಇದನ್ನು ಕೇಳಿದ ಅಮ್ಮ, "ಗರ್ಭಗುಡಿ ಬಾಗಿಲು ಯಾಕೆ ಮುಚ್ಚಿರ್ತಾರೆ ಅಂತ ಪೂಜಾರಪ್ಪನ ಹತ್ರ ಅರ್ಧ ಗಂಟೆ ಜಗಳ ಆಡಿದ್ಯಲ್ಲ, ಇದೂ ಅದೇ ಕಣೇ" ಅಂದಳು. "ಎರಡೂ ಬೇರೆ ಬೇರೆ" ಅಂದೆ. ಹೇಗೆ ಬೇರೆ ಎನ್ನುವುದು ಇವತ್ತಿಗೂ ಹೊಳೆದಿಲ್ಲ.

ಕಾಲೇಜಿನ ಐದು ವರ್ಷವನ್ನು ಚರ್ಚಾಸ್ಪರ್ಧೆಗಳಲ್ಲೇ ಕಳೆದವಳು ನಾನು. ಈಗ ತಿಪಟೂರಿನ ಕೋರ್ಟಿನಲ್ಲಿ ಜೂನಿಯರ್ ವಕೀಲೆ. ಅಂದರೆ ಹಗಲೆಲ್ಲ ಸೀನಿಯರ್ ಹಿಂದೆ ಫೈಲು ಹೊತ್ತು, ವಾದ ಮಾಡುವ ಆಸೆಯನ್ನು ಮನೆಗೆ ತಂದು ತೀರಿಸಿಕೊಳ್ಳುವವಳು. ಮನೆ ಇರುವುದು ತಿಪಟೂರಿಗೂ ತುರುವೇಕೆರೆಗೂ ನಡುವಿನ ಒಂದು ಹಳ್ಳಿಯಲ್ಲಿ. ಸುತ್ತ ತೆಂಗಿನ ತೋಟ, ತಲೆಯ ಮೇಲೆ ಕೊಬ್ಬರಿ ಅಟ್ಟ.

ಹಳೆ ಆಟದ ಸಾಮಾನು ಕೂಡಿಸುವ ಹುಚ್ಚು ಶುರುವಾದದ್ದೂ ಆ ಅಟ್ಟದಲ್ಲೇ. ಪಿಯುಸಿ ರಜೆಯಲ್ಲಿ ಅಟ್ಟ ಗುಡಿಸುವಾಗ ಮೂಲೆಯಲ್ಲಿ ಒಂದು ತಗಡಿನ ಆನೆ ಸಿಕ್ಕಿತು. ಕೀ ಕೊಟ್ಟರೆ ಸೊಂಡಿಲು ಆಡಿಸುತ್ತ ಗುಂಡಗೆ ಸುತ್ತುತ್ತಿತ್ತು. ಯಾರದ್ದು ಎಂದು ಕೇಳಿದರೆ ಅಪ್ಪ "ನಿಮ್ಮಮ್ಮಂದು" ಅಂದರು, ಅಮ್ಮ "ನಿಮ್ಮಪ್ಪಂದು" ಅಂದಳು. ಇಬ್ಬರೂ ಮದುವೆಯಾದ ಮೇಲೆ ಕದ್ದು ಆಡಿದ್ದಾರೆ ಎಂಬುದು ನನ್ನ ತೀರ್ಮಾನ. ಆನೆಯ ಹೊಟ್ಟೆಯಡಿ "೧" ಎಂದು ಅಚ್ಚೊತ್ತಿತ್ತು. ಒಂದು ಇದ್ದ ಮೇಲೆ ಎರಡೂ ಇರಬೇಕಲ್ಲ? ಅಷ್ಟೇ, ಅಲ್ಲಿಂದ ನನ್ನ ಶನಿವಾರಗಳು ಹೋದವು. ಎರಡು ಹುಲಿ, ಮೂರು ಕರಡಿ, ನಾಲ್ಕು ಕುದುರೆ, ಐದು ಡೋಲು ಬಡಿಯುವ ಕೋತಿ. ಕೋತಿ ಮಾತ್ರ ತನ್ನ ಡಬ್ಬದ ಸಮೇತ ಸಿಕ್ಕಿತ್ತು, ಅದರ ಹಿಂದೆ ಇಡೀ ಸರ್ಕಸ್ಸಿನ ಚಿತ್ರವಿತ್ತು. ಅದರಲ್ಲಿ ನನ್ನ ಹತ್ತಿರ ಇಲ್ಲದವನು ಒಬ್ಬನೇ: ಒಂಟಿ ಚಕ್ರದ ಸೈಕಲ್ ಮೇಲೆ ಕೂತ ಜೋಕರ್, ನಂಬರ್ ಆರು. ಐದು ಪ್ರಾಣಿಗಳು ಮೂರು ವರ್ಷದಿಂದ ಅವನಿಗಾಗಿ ಕಾಯುತ್ತಿದ್ದವು. ಸರಿ, ಪ್ರಾಣಿಗಳು ಕಾಯುತ್ತಿರಲಿಲ್ಲ, ನಾನು ಕಾಯುತ್ತಿದ್ದೆ.

ಹಳೆ ಸಾಮಾನು ಕೂಡಿಸುವವರಿಗೆ ಶತ್ರುಗಳಿಂದ ತೊಂದರೆ ಕಡಿಮೆ, ಹಿತೈಷಿಗಳದ್ದೇ ಕಾಟ. "ಹಳೇದು ಅಂದ್ರೆ ಆ ಹುಡುಗಿಗೆ ಪ್ರಾಣವಂತೆ" ಎಂಬ ಸುದ್ದಿ ಹರಡಿದ್ದೇ ತಡ, ಕಂದಿಕೆರೆಯಿಂದ ಬಂದ ಅತ್ತೆ ಪ್ರೀತಿಯಿಂದ ಒಡೆದ ಮಿಕ್ಸಿ ಜಾರು ತಂದುಕೊಟ್ಟರು. ಪಕ್ಕದ ಮನೆಯವರು ಮೂರು ರಿಮೋಟು ಕೊಟ್ಟರು, ಟಿವಿ ಇಲ್ಲದ ರಿಮೋಟು. "ಇದು ಸಂಗ್ರಹ ಅಲ್ಲ, ಗುಜರಿ" ಅಂದರೆ ಬೇಜಾರು ಮಾಡಿಕೊಂಡು, "ನಿನ್ ಹುಲಿ ಏನು ಬಂಗಾರದ್ದಾ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಹಾಗಾಗಿ ದನಿ ಎತ್ತರಿಸಿದೆ.

ನನ್ನದೂ ತಪ್ಪಿದೆ. ಮುಚ್ಚಿಹೋದ ಒಂದು ಟಾಕೀಸಿನ ಗೋಡೌನು ಖಾಲಿ ಮಾಡುವಾಗ ಹೋಗಿ, ಸಿನಿಮಾ ಹೀರೋ ಒಬ್ಬನ ಕಟೌಟಿನ ಬಲಗೈ ತಂದೆ. ಕೈ ಮಾತ್ರ, ಉಳಿದ ಹೀರೋ ಗೆದ್ದಲಿಗೆ ಆಹಾರವಾಗಿದ್ದ. ಆರಡಿ ಉದ್ದದ, ಗುಲಾಬಿ ಬಣ್ಣ ಬಳಿದ ತೋಳು, ತುದಿಯಲ್ಲಿ ಬಾಳೆಗೊನೆಯಷ್ಟು ದಪ್ಪ ಮುಷ್ಟಿ. ಮನೆಯೊಳಗೆ ಹಿಡಿಸದೆ ಕೊಟ್ಟಿಗೆಯಲ್ಲಿ ಒರಗಿಸಿಟ್ಟರೆ, ಹೊಸದಾಗಿ ತಂದ ಹಸು ಎರಡು ದಿನ ಹಾಲು ಕೊಡಲಿಲ್ಲ. ಅದು ಯಾವ ಹೀರೋದು ಎಂದು ನನಗೆ ಗೊತ್ತಿರಲಿಲ್ಲ. ಊರಿನವರಿಗೆ ಗೊತ್ತಿತ್ತು. ಒಬ್ಬ ಬಂದು ಮೊಣಕೈ ನೋಡಿ "ನಮ್ ಬಾಸ್‌ದೇ" ಅಂದ. ಇನ್ನೊಬ್ಬ ಹೆಬ್ಬೆರಳು ನೋಡಿ "ಲೇ, ಈ ಹೆಬ್ಬೆಟ್ಟು ನಮ್ಮೋರದ್ದು ಕಣ್ಲಾ" ಅಂದ. ನಾನು "ಪುರಾವೆ ಏನು?" ಎಂದು ಕೇಳಿದ್ದಕ್ಕೆ ಅಲ್ಲಿಯವರೆಗೆ ಜಗಳವಾಡುತ್ತಿದ್ದ ಇಬ್ಬರೂ ಒಂದಾಗಿ ನನ್ನ ಮೇಲೆ ತಿರುಗಿಬಿದ್ದರು.

ಇರಲಿ, ಜೋಕರ್‌ಗೆ ಬರುತ್ತೇನೆ. ಅವನು ಸಿಕ್ಕಿದ್ದು ಹುಳಿಯಾರಿನಲ್ಲಿ, ಒಂದು ಫ್ಯಾನ್ಸಿ ಸ್ಟೋರಿನ ಗಾಜಿನ ಕಪಾಟಿನಲ್ಲಿ, ಡಬ್ಬದ ಸಮೇತ, ಅಂಟು ಬಿಡಿಸದೆ. ಅಂಗಡಿಯ ಯಜಮಾನರಿಗೆ ಐವತ್ತು ದಾಟಿದೆ. ಹಣೆಯಲ್ಲಿ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ. ಅಪ್ಪನ ಕಾಲದ ಅಂಗಡಿ. ಬಳೆ, ಟೇಪು, ಪೌಡರು ಎಲ್ಲ ಮಾರುತ್ತಾರೆ, ಆ ಕಪಾಟು ಮಾತ್ರ ಮಾರಾಟಕ್ಕಿಲ್ಲ. ಅದರಲ್ಲಿ ಹತ್ತೊಂಬತ್ತು ಡಬ್ಬಗಳಿದ್ದವು, ಒಂದೂ ತೆಗೆದಿರಲಿಲ್ಲ.

"ನಮ್ಮಪ್ಪ ಮುಟ್ಟಕ್ಕೆ ಬುಡ್ತಿರಲಿಲ್ಲ ಕಣಮ್ಮ" ಎಂದು ಅವರೇ ಹೇಳಿದರು. "ಮಾರೋ ಸಾಮಾನು, ಕೈ ಇಟ್ಟೀಯ ಜೋಕೆ, ಅನ್ನೋರು. ಊರ ಹುಡುಗ್ರೆಲ್ಲ ನಮ್ಮಂಗಡೀಲಿ ತಗೊಂಡು ಬೀದೀಲಿ ಆಡೋರು. ನಾನು ಗಲ್ಲಾ ಹಿಂದೆ ನಿಂತು ನೋಡ್ತಿದ್ದೆ. ಒಂದು ರೋಬೋ ಬಂದಿತ್ತು, ಕೆಂಪು ಕಣ್ಣಿಂದು, ಕೀ ಕೊಟ್ರೆ ನಡೀತಿತ್ತಂತೆ. ನಂಗೆ ಇಟ್ಕೊಳ್ಳಿ ಅಂತ ಕೇಳೋ ಅಷ್ಟರಲ್ಲಿ ಯಾರೋ ಒಯ್ದೇಬುಟ್ರು."

ಕೆಂಪು ಕಣ್ಣಿನ ಅಂಥದ್ದೇ ರೋಬೋ ನನ್ನ ಹತ್ತಿರವಿತ್ತು. ಚಿಕ್ಕನಾಯಕನಹಳ್ಳಿಯ ಹಳೆ ಪುಸ್ತಕದಂಗಡಿಯೊಂದರ ಅಟ್ಟದಲ್ಲಿ ಸಿಕ್ಕಿದ್ದು, ಡಬ್ಬದ ಅಂಟು ಹಾಗೇ ಇತ್ತು. ಎರಡು ಟೀ ಕುಡಿಯುವಷ್ಟರಲ್ಲಿ ಒಪ್ಪಂದವಾಯಿತು: ನನ್ನ ರೋಬೋ ಅವರಿಗೆ, ಅವರ ಜೋಕರ್ ನನಗೆ. ಷರತ್ತು ಒಂದೇ, ಡಬ್ಬ ಡಬ್ಬಕ್ಕೆ, ಅಂಟು ಅಂಟಿಗೆ. "ಮುಂದಿನ ಭಾನುವಾರ ತರ್ತೀನಿ" ಎಂದು ಎದ್ದು ಬಂದೆ. ಬಸ್ಸಿನಲ್ಲಿ ಬರುವಾಗ ಬೋರನಕಣಿವೆ ಕಡೆಯ ಗಾಳಿ ಕಿಟಕಿಯಿಂದ ನುಗ್ಗುತ್ತಿತ್ತು. ನಾನು ಮನಸ್ಸಿನಲ್ಲೇ ಆರನ್ನೂ ಸಾಲಾಗಿ ನಿಲ್ಲಿಸಿ, ಕೀ ಕೊಟ್ಟು, ಸರ್ಕಸ್ ಶುರು ಮಾಡಿಬಿಟ್ಟಿದ್ದೆ.

ರೋಬೋ ಎಲ್ಲಿಟ್ಟಿದ್ದೆ ಎನ್ನುವುದನ್ನು ಈಗ ಹೇಳಬೇಕು. ಕೊಬ್ಬರಿ ಅಟ್ಟದಲ್ಲಿ. ನಗಬೇಡಿ, ನನ್ನ ಬಳಿ ಕಾರಣಗಳಿವೆ. ನಮ್ಮ ಕಡೆ ಬಲಿತ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ, ಒಳಗಿನ ನೀರು ಇಂಗಿ ತಿರುಳು ಒಣಗಿ ಚಿಪ್ಪಿನಿಂದ ಬಿಡುವ ತನಕ, ವರ್ಷ ತುಂಬುತ್ತ ಬರುವವರೆಗೆ, ಯಾರೂ ಕೈ ಹಾಕುವುದಿಲ್ಲ. ಬೆಚ್ಚಗಿನ ಒಣ ಜಾಗ, ಹಲಗೆಗಳ ಸಂದಿಯಲ್ಲಿ ಗಾಳಿ. ಇಂಥ ಲಾಕರು ಯಾವ ಬ್ಯಾಂಕಿನಲ್ಲಿದೆ? ಮನೆಯ ಬೀರು ಅಮ್ಮನ ಸೀರೆಗಳಿಗೇ ಸಾಲುತ್ತಿರಲಿಲ್ಲ. ಹಾಗಾಗಿ ಡಬ್ಬ ಸಮೇತ ಇದ್ದ ನನ್ನ ಸಂಗ್ರಹವೆಲ್ಲ, ರೋಬೋ, ಎರಡು ಕಾರು, ಡೋಲಿನ ಕೋತಿ, ಒಂದು ದೋಣಿ, ಕಾಯಿ ರಾಶಿಯ ಹಿಂದೆ ಗೋಣಿತಾಟಿನ ಕೆಳಗೆ ಮಲಗಿದ್ದವು. ಕಾಯಿ ಇಳಿಸಿ ಸುಲಿಸಲು ಇನ್ನೂ ಹದಿನೈದು ದಿನವಿದೆ ಎಂದು ಅಪ್ಪ ಹೇಳಿದ್ದರು. ಅಷ್ಟರಲ್ಲಿ ತೆಗೆದರಾಯಿತು ಎಂದುಕೊಂಡಿದ್ದೆ.

ಆ ಶನಿವಾರ ತುರುವೇಕೆರೆಯ ಒಂದು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ತೀರ್ಪುಗಾರಳಾಗಿ ಹೋಗಿದ್ದೆ. ಸಾಯಂಕಾಲ ಮನೆಗೆ ಬಂದರೆ ಅಂಗಳದ ತುಂಬ ಸಿಪ್ಪೆ. ಕಾಯಿ ಸುಲಿಯುವವರ ತಂಡಕ್ಕೆ ಎಲ್ಲೋ ಕೆಲಸ ತಪ್ಪಿ, ಹೇಳದೆ ಕೇಳದೆ ನಮ್ಮಲ್ಲಿಗೆ ಬಂದಿತ್ತು. ಗಂಡಸರು ಸಿಪ್ಪೆ ಸುಲಿದು ಮುಗಿಸಿದ್ದರು. ಹೆಂಗಸರು ಮಚ್ಚಿನ ಹಿಂಬದಿಯಿಂದ ಚಿಪ್ಪು ಒಡೆದು, ಒಳಗಿನ ಕೊಬ್ಬರಿ ಉಂಡೆ ಉಂಡೆಯಾಗೇ ತೆಗೆಯುತ್ತಿದ್ದರು. ನನಗೆ ಆಯಾಸವಾಗಿತ್ತು. ಅಮ್ಮ, "ಹಂಡೇಲಿ ನೀರು ಕಾದೈತೆ, ಮೊದ್ಲು ಮೀಯಿ ಹೋಗು" ಅಂದಳು. ಮಿಂದೆ. ಹದವಾದ ಬಿಸಿನೀರು. ಅಂಥ ಸ್ನಾನ ಆ ತಿಂಗಳಲ್ಲೇ ಮಾಡಿರಲಿಲ್ಲ.

ತಲೆ ಒರೆಸಿಕೊಳ್ಳುತ್ತ ಹೊರಬಂದಾಗ ಕರ್ರ್ ಕರ್ರ್ ಎಂದು ಸದ್ದು ಕೇಳಿಸಿತು. ಅಂಗಳದ ನಡುವೆ, ಕೊಬ್ಬರಿ ಹರವಿದ ಗೋಣಿತಾಟಿನ ಪಕ್ಕದಲ್ಲಿ, ಕೆಂಪು ಕಣ್ಣಿನ ಒಂದು ರೋಬೋ ನಡೆದುಕೊಂಡು ಬರುತ್ತಿತ್ತು. ಅದರ ಹಿಂದೆ ನಾಲ್ಕೈದು ಹೆಂಗಸರು ಮಚ್ಚು ಕೆಳಗಿಟ್ಟು ಬಾಯಿ ತುಂಬ ನಗುತ್ತಿದ್ದರು.

ಒಂದು ಕ್ಷಣ, ನಿಜ ಹೇಳುತ್ತೇನೆ, ಖುಷಿಯಾಯಿತು. ಒಳಗೆ ರೋಬೋ ಇತ್ತು! ನಾಲ್ಕು ವರ್ಷದ ನಂಬಿಕೆಗೆ ಪುರಾವೆ ಸಿಕ್ಕಿತ್ತು. ಆಮೇಲೆ ತಿಳಿವಳಿಕೆ ಬಂತು.

"ಡಬ್ಬ ಎಲ್ಲಿ?"

ತಂಡದ ಹಿರಿಯಳು, ನಾನು ತೊಟ್ಟಿಲಲ್ಲಿದ್ದಾಗಿನಿಂದ ನಮ್ಮನೆ ಕೊಬ್ಬರಿ ಒಡೆಯುತ್ತಿರುವವಳು, ಸೆರಗಿನಿಂದ ಕೈ ಒರೆಸಿಕೊಂಡು ಬಂದಳು. "ಎಲ್ಲಾ ಸುಲಿದು ಇಟ್ಟಿವ್ನಿ ಕಣವ್ವ, ಒಂದೂ ಮುಕ್ಕಾಗಿಲ್ಲ" ಎಂದು ಹೆಮ್ಮೆಯಿಂದ ಜಗಲಿ ತೋರಿಸಿದಳು. ನೋಡಿದೆ. ಅವಳು ಅವಳ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದ್ದಳು. ಡಬ್ಬ ಎಂಬ ಸಿಪ್ಪೆ ತೆಗೆದು, ಒಳಗಿನ ಪ್ಲಾಸ್ಟಿಕ್ ಅಚ್ಚು ಎಂಬ ಚಿಪ್ಪು ಒಡೆದು, ತಿರುಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದಳು. ಅಷ್ಟೇ ಅಲ್ಲ, ಕೊಬ್ಬರಿಯ ಹಾಗೇ ಆರಿಸಿಯೂ ಇದ್ದಳು: ಗಟ್ಟಿ ಇದ್ದ ಕಾರು, ಕೋತಿ ಈ ಕಡೆ, ಬಣ್ಣ ಹೋದ ದೋಣಿ, ಒಂದು ಚಕ್ರ ಸಡಿಲವಾದ ಕಾರು ಆ ಕಡೆ, ಎರಡನೇ ದರ್ಜೆ.

"ಯಾರು ಹೇಳಿದ್ದು ನಿಂಗೆ ಇದನ್ನ ಸುಲಿ ಅಂತ?"

"ನಿಮ್ಮವ್ವನೇ ಅಂದ್ರು. ಅಟ್ಟದಾಗೆ ಒಂದೂ ಬುಡಬ್ಯಾಡಿ, ಎಲ್ಲ ಇಳಿಸಿ ಸುಲೀರಿ ಅಂತ."

"ನಾನು ಕಾಯಿಗೆ ಹೇಳಿದ್ದು!" ಎಂದು ಅಮ್ಮ ಅಡಿಗೆಮನೆಯಿಂದಲೇ ಕೂಗಿದಳು.

"ಎಲ್ಲ ಅಂದ್ರೆ ಎಲ್ಲ" ಎಂದಳು ಹಿರಿಯಳು. ವಕೀಲೆಯಾಗಿ ಈ ಅರ್ಥವಿವರಣೆಯನ್ನು ನಾನು ಒಪ್ಪಲೇಬೇಕಿತ್ತು.

"ಆ ಡಬ್ಬ ಎಲ್ಲಿ ಹಾಕಿದೆ ಹೇಳು ಮೊದಲು."

"ಸಿಪ್ಪೆ ಎಲ್ಲಿ ಹಾಕ್ತಾರವ್ವ? ಹಂಡೆ ಒಲೆಗೆ. ಚೆನ್ನಾಗಿ ಉರೀತು ಕಣವ್ವ, ರಟ್ಟು ಚೆನ್ನಾಗೇ ಉರೀತದೆ."

ನನ್ನ ಒದ್ದೆ ಕೂದಲಿನಿಂದ ಬೆನ್ನ ಮೇಲೆ ನೀರು ಇಳಿಯುತ್ತಿತ್ತು. ಇನ್ನೂ ಬೆಚ್ಚಗಿತ್ತು.

ನಾನು ಕೂಗಾಡಿದೆ. ಅಂಶ ಅಂಶವಾಗಿ ಕೂಗಾಡಿದೆ. ಮುಟ್ಟದ ಡಬ್ಬದ ಮಹತ್ವ, ಪರರ ವಸ್ತುವಿನ ಮೇಲಿನ ಎಚ್ಚರ, ಕೇಳದೆ ತೆಗೆಯುವುದರ ಅನೈತಿಕತೆ. ಅವಳು ಸುಮ್ಮನೆ ಕೇಳಿಸಿಕೊಂಡು, ಎಲೆ ಅಡಿಕೆ ಬಾಯಿಗಿಟ್ಟುಕೊಂಡು, ಒಂದೇ ಒಂದು ಪ್ರಶ್ನೆ ಕೇಳಿದಳು. "ಸಿಪ್ಪೆ ಇಟ್ಕೊಂಡು ಏನು ಮಾಡ್ತಿದ್ದೆ ಮಗಾ?"

ಐದು ವರ್ಷ ವೇದಿಕೆಗಳ ಮೇಲೆ ನಿಂತಿದ್ದೇನೆ. ಹೀಗೆ ಒಂದೇ ವಾಕ್ಯಕ್ಕೆ ಯಾರೂ ನನ್ನನ್ನು ಕೆಳಗಿಳಿಸಿರಲಿಲ್ಲ. ಅಮ್ಮ ಬಾಗಿಲಿಗೆ ಬಂದು, "ನಿನ್ ಬಾಯಿ ಮುಚ್ತಾ? ಅಬ್ಬಾ, ಮುಚ್ಚಿಸಿದೋಳಿಗೆ ಇನ್ನೊಂದು ಲೋಟ ಕಾಫಿ ಕೊಡ್ತೀನಿ" ಎಂದು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ನನ್ನ ಮುಂದೆ ಎರಡು ದಾರಿ ಇದ್ದವು. ಫೋನು ಮಾಡಿ ಒಪ್ಪಂದ ಮುರಿಯುವುದು, ಇಲ್ಲವೇ ಬತ್ತಲೆ ರೋಬೋ ಹಿಡಿದು ಹೋಗಿ ವಾದ ಮಾಡುವುದು. ಜೋಕರ್ ಇಲ್ಲದೆ ಇನ್ನೂ ಎಷ್ಟು ವರ್ಷ? ಅವನನ್ನು ಯಜಮಾನರು ಇನ್ಯಾರಿಗೋ ಕೊಟ್ಟುಬಿಟ್ಟರೆ? ರೋಬೋವನ್ನು ಟವೆಲ್ಲಿನಲ್ಲಿ ಸುತ್ತಿ, ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸು ಬದಲಾಯಿಸಿ ಹುಳಿಯಾರು ತಲುಪಿದೆ.

ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಜೋಕರ್ ಡಬ್ಬ ಆಗಲೇ ಕಪಾಟಿನಿಂದಿಳಿದು ಗಲ್ಲಾ ಮೇಲೆ ಕೂತಿತ್ತು. ನಾನು ಟವೆಲ್ ಬಿಚ್ಚಿದೆ. ಅವರ ಮುಖ ಮೊದಲು ಅರಳಿತು, ಆಮೇಲೆ ಇಳಿಯಿತು.

"ಡಬ್ಬ?"

ನಡೆದದ್ದು ಹೇಳಿದೆ. ಅವರು ನಗಲಿಲ್ಲ. ಅವರೂ ಕೊಬ್ಬರಿ ಸೀಮೆಯವರೇ ಆದ್ದರಿಂದ ಎಲ್ಲ ಅರ್ಥವಾಯಿತು. "ಸುಲಿಯೋರ್‍ದು ತಪ್ಪಿಲ್ಲ ಬುಡಿ" ಅಂದರು. ಆದರೆ ಜೋಕರ್ ಡಬ್ಬದ ಮೇಲಿಟ್ಟ ಕೈ ತೆಗೆಯಲಿಲ್ಲ. "ಡಬ್ಬ ಇಲ್ದೇ ಹೋದ್ರೆ ಇದು ಬರೀ ಆಟದ ಸಾಮಾನು ಕಣಮ್ಮ."

"ಆಟದ ಸಾಮಾನೇ ಅಲ್ಲವೇನ್ರೀ ಅದು?"

"ಮಾತು ಏನಾಗಿತ್ತು? ಅಂಟು ಅಂಟಿಗೆ."

ಅಲ್ಲಿಂದ ಒಂದು ಗಂಟೆ ವಾದ ಮಾಡಿದೆ. ರೋಬೋಗೆ ಕೀ ಕೊಟ್ಟು ಗಲ್ಲಾ ಮೇಲೆ ನಡೆಸಿದೆ. ಟಿಕಲಿ ಕೊಳ್ಳಲು ಬಂದ ಇಬ್ಬರು ಹೆಂಗಸರು ನಿಂತು ನೋಡಿ ನನ್ನ ಪರ ಮತ ಹಾಕಿದರು. ವಸ್ತುವಿನ ಸಾರ್ಥಕತೆ ಅದರ ಬಳಕೆಯಲ್ಲಿದೆ ಎಂದೆ. ಹಿಂದಿನ ದಿನ ನಾನೇ ಇದನ್ನು ಖಂಡಿಸಿದ್ದು ಅವರಿಗೇನು ಗೊತ್ತು? ಅವರು ಎಲ್ಲದಕ್ಕೂ ತಲೆಯಾಡಿಸಿದರು. ಕೊನೆಗೆ, "ನೀವೇ ಗೆದ್ರಿ ಬುಡಿ. ಟೀ ಕುಡೀರಿ" ಅಂದರು. ಗೆದ್ದರೂ ಜೋಕರ್ ಇಲ್ಲ.

ಆಗ ನಾನು ಮಾಡಿದ್ದು ಒಳ್ಳೆಯ ಕೆಲಸವಲ್ಲ. ಹೊರಡಲು ಎದ್ದವಳು ತಿರುಗಿ ನಿಂತು ಕೇಳಿದೆ, "ಯಜಮಾನ್ರೇ, ಇದರೊಳಗೆ ಜೋಕರ್ ಇದಾನೆ ಅಂತ ನಿಮಗೆ ಹೇಗೆ ಗೊತ್ತು?"

"ಚಿತ್ರ ಐತಲ್ಲ ಮೇಲೆ."

"ಚಿತ್ರ ಡಬ್ಬದ ಮೇಲಿದೆ. ಒಳಗೆ? ಕರಡಿ ಹಾಕಿದ್ರೆ? ಇಲ್ಲ ಬರೀ ರದ್ದಿ ಕಾಗದ ಇದ್ರೆ? ನೀವು ನೋಡಿದೀರಾ? ನಿಮ್ಮಪ್ಪ ನೋಡಿದ್ರಾ?"

ಅವರು ಡಬ್ಬವನ್ನು ಕೈಗೆತ್ತಿಕೊಂಡರು. ಕಿವಿಯ ಹತ್ತಿರ ಹಿಡಿದು, ನಮ್ಮ ಕಡೆಯವರು ಒಣಗಿದ ಕಾಯನ್ನು ಕುಲುಕುತ್ತಾರಲ್ಲ ಹಾಗೆ, ಒಂದು ಸಲ ಮೆಲ್ಲಗೆ ಕುಲುಕಿದರು. ಏನೋ ಅಲ್ಲಾಡಿತು.

"ಏನೋ ಐತೆ" ಅಂದರು.

"ಏನೋ ಇದೆ, ಸರಿ" ಎಂದು ನಾನು ಬಂದುಬಿಟ್ಟೆ.

ಬಸ್ಸಿನಲ್ಲಿ ಕೂತ ಮೇಲೆ ಸಂಕಟವಾಯಿತು. ಒಬ್ಬ ಮನುಷ್ಯ ಚಿಕ್ಕಂದಿನಿಂದ ಮುಟ್ಟದೆ ಕಾಪಾಡಿಕೊಂಡು ಬಂದ ನಂಬಿಕೆಗೆ, ನನಗೆ ಬೇಕಾದದ್ದು ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ, ಸಂದೇಹದ ಹುಳ ಬಿಟ್ಟು ಬಂದಿದ್ದೆ. ಅದೂ ಗುರಿಯಿಟ್ಟು, ಎಲ್ಲಿ ಚುಚ್ಚಿದರೆ ತಾಗುತ್ತದೆ ಎಂದು ಗೊತ್ತಿದ್ದೇ. ಸಂದೇಹ ಒಳ್ಳೆಯದು ಎಂದು ಎಷ್ಟು ಭಾಷಣ ಮಾಡಿದ್ದೇನೋ. ಆವತ್ತು ಮಾತ್ರ ಅದು ಒಳ್ಳೆಯದು ಎಂದು ಅನ್ನಿಸಲಿಲ್ಲ. ಫೋನು ಮಾಡಿ "ಖಂಡಿತ ಜೋಕರೇ ಇರ್ತಾನೆ, ಯೋಚನೆ ಮಾಡಬೇಡಿ" ಎನ್ನೋಣ ಎಂದುಕೊಂಡೆ. ಆದರೆ ಪುರಾವೆ ಇಲ್ಲದೆ ಹಾಗೆ ಹೇಳುವುದು ಹೇಗೆ?

ಬುಧವಾರ ಬೆಳಿಗ್ಗೆ ಕೋರ್ಟಿಗೆ ಹೊರಟಿದ್ದಾಗ ಅವರೇ ಫೋನು ಮಾಡಿದರು.

"ಮೂರು ದಿನದಿಂದ ಅಂಗಡೀಲಿ ಮನಸ್ಸಿಲ್ಲ ಕಣಮ್ಮ. ಬಳೆ ಕೇಳಿದೋರಿಗೆ ಬಾಚಣಿಗೆ ಕೊಟ್ಟೆ. ಬರೀ ಅದನ್ನೇ ನೋಡೋದು, ಕುಲುಕೋದು, ಇಡೋದು. ತಡೀನಾರದೆ ಇವತ್ತು ತೆಗೆದೇಬುಟ್ಟೆ."

"ಏನಿತ್ತು?"

"ಬಂದು ನೋಡಿ" ಎಂದು ಇಟ್ಟುಬಿಟ್ಟರು.

ಸೀನಿಯರ್‌ಗೆ ಏನು ಸುಳ್ಳು ಹೇಳಿದೆನೋ ನೆನಪಿಲ್ಲ. ಹನ್ನೆರಡು ಗಂಟೆಗೆ ಹುಳಿಯಾರಿನಲ್ಲಿದ್ದೆ. ಗಲ್ಲಾ ಮೇಲೆ, ಬಳೆಯ ಸರಗಳ ನಡುವೆ, ಹಳದಿ ಟೋಪಿಯ ಜೋಕರ್ ಒಂಟಿ ಚಕ್ರದ ಮೇಲೆ ಕೂತಿದ್ದ. ಎತ್ತಿ ನೋಡಿದೆ, ಸೀಟಿನ ಅಡಿಯಲ್ಲಿ "೬". ಯಜಮಾನರು ಕೀ ಕೊಟ್ಟರು. ಅವನು ಬೀಳುವ ಹಾಗೆ ವಾಲಿ, ಬೀಳದೆ, ಗಲ್ಲಾದ ಈ ತುದಿಯಿಂದ ಆ ತುದಿಗೆ ಹೋದ. ಮುಗಿದ ತಕ್ಷಣ ಅವರು ಮತ್ತೆ ಕೀ ಕೊಟ್ಟರು. ಗಿರಾಕಿಯೊಬ್ಬಳು ರಿಬ್ಬನ್ ಕೇಳುತ್ತ ನಿಂತೇ ಇದ್ದಳು.

"ಈಗ ಇದೂ ಆಟದ ಸಾಮಾನು" ಅಂದರು, ಅವನ ಮೇಲಿನ ಕಣ್ಣು ತೆಗೆಯದೆ. "ನಿಮ್ ರೋಬೋನೂ ಆಟದ ಸಾಮಾನು. ಲೆವೆಲ್ಲಾಯ್ತು. ತಂದಿದೀರಾ?"

ಬ್ಯಾಗಿನಲ್ಲಿತ್ತು, ತರದೆ ಇರುತ್ತೇನೆಯೇ? ಅದಲುಬದಲಾಯಿತು. ರೋಬೋ ಕೈಗೆ ಬಂದದ್ದೇ ಅವರು ಅದರ ಕೆಂಪು ಕಣ್ಣನ್ನು ಹೆಬ್ಬೆರಳಿನಿಂದ ಒರೆಸಿದರು. ನಾನು ಜೋಕರ್‌ನನ್ನು ಟವೆಲ್ಲಿನಲ್ಲಿ ಸುತ್ತಿ, ಬ್ಯಾಗಿನ ತಳಕ್ಕಿಟ್ಟು, ಜಿಪ್ ಎಳೆದೆ. ಎರಡು ಸಲ ಎಳೆದೆ.

ಆಗ ಅವರ ಕಣ್ಣು ಗಾಜಿನ ಕಪಾಟಿನ ಕಡೆ ಹೋಯಿತು. "ಇನ್ನೂ ಹದಿನೆಂಟು ಅವೆ" ಅಂದರು. "ಎಲ್ಲಾನೂ ತೆಗೆದುಬುಡ್ಲಾ?"

"ಬೇಡ ಬೇಡ!" ಎಂದು ಕಿರುಚಿಬಿಟ್ಟೆ. "ಯಜಮಾನ್ರೇ, ಅಷ್ಟು ವರ್ಷ ಮುಟ್ಟದೆ ಇಟ್ಟಿದೀರ. ಅಂಥ ಡಬ್ಬ ಈಗ ಎಲ್ಲೂ ಸಿಗಲ್ಲ. ತೆಗೆದ್ರೆ ಹೋಯ್ತು."

ಅವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. "ಭಾನುವಾರ ಬೇರೆ ಥರ ವಾದ ಮಾಡಿದ್ರಿ?"

"ಭಾನುವಾರ ಜೋಕರ್ ನಿಮ್ಮ ಹತ್ರ ಇದ್ದ."

ಅವರಿಗೆ ಎಂಥ ನಗು ಬಂತೆಂದರೆ ರಿಬ್ಬನ್ ಗಿರಾಕಿಯೂ ಏನೆಂದು ತಿಳಿಯದೆ ನಕ್ಕಳು. ನಗುತ್ತಲೇ ಅವರು ಗಲ್ಲಾದ ಡ್ರಾ ಎಳೆದು ಒಳಗೆ ತಡಕಾಡತೊಡಗಿದರು. ಚಿಲ್ಲರೆ ಹುಡುಕುತ್ತಿದ್ದಾರೆ ಎಂದುಕೊಂಡೆ. ಬ್ಲೇಡು ಹುಡುಕುತ್ತಿದ್ದರು.